ಸೋಸಿದ ಹಾಲು

ಬಸ್ಸಿನಲ್ಲಿ ಹೆಂಡತಿಯನ್ನು ಬಲಗಡೆಗೆ ಕೂರಿಸಿಕೊಂಡದ್ದು ಬೇಕೆಂದೇ ಎಂಬುದು ತೆರಕಣಾಂಬಿ ದಾಟುವ ಹೊತ್ತಿಗೆ ಬಸವಪ್ರಸಾದನಿಗೆ ತನಗೇ ಗೊತ್ತಾಗಿ ಕಸಿವಿಸಿಯಾಯಿತು. ಬಲಗಣ್ಣು ಹೋಗಿತ್ತು. ಹೋಗಿತ್ತು ಎಂದರೆ ಪೂರಾ ಕತ್ತಲೆಯೇನಲ್ಲ, ರಾಡಿ ನೀರಿನೊಳಗೆ ಮುಳುಗಿ ಮೇಲೆ ನೋಡಿದರೆ ಕಾಣುವಂಥ ಕಂದು ಬೆಳಕು, ಅಷ್ಟೇ. ಆ ಕಡೆ ಕೂತವರು ಇದ್ದೂ ಇಲ್ಲದವರು. ಶಾಂತಮಲ್ಲಮ್ಮ ಕಿಟಕಿಗೆ ಒತ್ತಿಕೊಂಡು, ಸೆರಗನ್ನು ತಲೆ ತುಂಬ ಹೊದ್ದು, ಮಡಿಲಲ್ಲಿ ಬುತ್ತಿಯ ಬ್ಯಾಗಿಟ್ಟುಕೊಂಡು ಕೂತಿದ್ದಾಳೆಂದು ಅವನಿಗೆ ಗೊತ್ತಿತ್ತೇ ಹೊರತು ಕಾಣುತ್ತಿರಲಿಲ್ಲ. ಹೋದ ತಿಂಗಳು ಚಾಮರಾಜನಗರದ ಕಣ್ಣಾಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋಗಿದ್ದವನು ಅವನು ಬಯಾಲಜಿ ಹೇಳುವ ಕಾಲೇಜಿನಲ್ಲೇ ಫಿಸಿಕ್ಸ್ ಹೇಳುವ ಗುರುಸ್ವಾಮಿ. ಇವತ್ತು ಅವನಿಗೆ ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿ. ಒಬ್ಬನೇ ಹೋಗಿಬರುತ್ತೇನೆ ಎಂದು ಬಸವಪ್ರಸಾದ್ ಎರಡು ದಿನ ವಾದಿಸಿದ್ದ. "ಕಣ್ಗೆ ಸೂಜಿ ಚುಚ್ಚುಸ್ಕಂಡು ಒಬ್ರೇ ಎಂಗ್ ಬಂದೀರಿ? ನಾನೂ ಬತ್ತೀನಿ ಬುಡಿ" ಎಂದು ಅವಳು ಬೆಳಿಗ್ಗೆ ನಾಲ್ಕಕ್ಕೇ ಎದ್ದು ರೊಟ್ಟಿ ತಟ್ಟಿದ್ದಳು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಈರುಳ್ಳಿ ಲಾರಿಗಳ ನಡುವೆ ಅವನ ತೋಳು ಹಿಡಿದು ದಾಟಿಸಿದ್ದಳು. ಆಗಿನಿಂದ ಅವನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಮೊದಲ ಸಲ ಯಾವಾಗ ಕಂಡಿತು ಸಾರ್ ಎಂದು ಡಾಕ್ಟರು ಇವಳ ಎದುರಿಗೇ ಕೇಳಿಬಿಟ್ಟರೆ ಯಾವ ತಾರೀಕು ಹೇಳುವುದು? ಹೋದ ಸಲ ಒಂದು ವಾರ ಎಂದಿದ್ದ. ಡಾಕ್ಟರು ಬರೆದುಕೊಂಡು, ಅವನ ಮುಖ ನೋಡಿ, ಮುಂದಿನ ಸಲ ಸರಿಯಾಗಿ ನೆನಪು ಮಾಡಿಕೊಂಡು ಬನ್ನಿ ಎಂದಿದ್ದರು. ನೆನಪು ಮಾಡಿಕೊಳ್ಳುವ ಅಗತ್ಯ ಅವನಿಗಿರಲಿಲ್ಲ. ಮರೆಯಲಾಗದೆ ಸಾಯುತ್ತಿದ್ದ.

ಆ ಡಾಕ್ಟರೂ ಅವನ ಕೈಯಲ್ಲೇ ಓದಿದ ಹುಡುಗಿ, ಬೃಂದಾ. ಬಸವಪ್ರಸಾದ್ ಮೇಷ್ಟ್ರ ರಕ್ತನಾಳದ ಪಾಠವೆಂದರೆ ಪಕ್ಕದ ಸೆಕ್ಷನ್ನಿನ ಹುಡುಗರೂ ಬಂದು ಗೋಡೆಗೊರಗಿ ನಿಲ್ಲುತ್ತಿದ್ದ ಕಾಲ ಅದು. ಪುಸ್ತಕದಲ್ಲಿ ಎರಡು ಸಾಲಿದ್ದದ್ದನ್ನು ಅವನು ಒಂದು ಗಂಟೆ ಹೇಳುತ್ತಿದ್ದ. ಮೈಯ ಯಾವುದೋ ಮೂಲೆಯಲ್ಲಿ ಉಸಿರು ಸಾಲದೆ ಬಂದರೆ ಆ ಮೂಲೆ ಸುಮ್ಮನೆ ಸಾಯುವುದಿಲ್ಲ, ಕಾಗದ ಬರೆಯುತ್ತದೆ. ಆ ಕಾಗದದ ಹೆಸರು ಗ್ರೋತ್ ಫ್ಯಾಕ್ಟರ್. ಹತ್ತಿರದ ರಕ್ತನಾಳದ ಗೋಡೆಯಲ್ಲಿರುವ ಜೀವಕೋಶಗಳು ಅದನ್ನು ಇಸಿದುಕೊಳ್ಳುತ್ತವೆ. ಅವುಗಳಲ್ಲಿ ಒಂದು ಮುಂದಾಳಾಗಿ, ಪಕ್ಕದವರಿಗೆ ನೀವು ಹಿಂದೆ ಬನ್ನಿ, ನನ್ನ ಸಮಕ್ಕೆ ಬರಬೇಡಿ ಎಂದು ತಡೆದು, ಬೆರಳು ಚಾಚುತ್ತ ಕಾಗದ ಬಂದ ದಿಕ್ಕಿಗೆ ತೆವಳುತ್ತದೆ. ಹಿಂದಿನವು ಒಂದು ಎರಡಾಗಿ ಎರಡು ನಾಲ್ಕಾಗಿ ಅದರ ಬೆನ್ನು ಹಿಡಿಯುತ್ತವೆ. ನಡುವೆ ಟೊಳ್ಳಾಗುತ್ತದೆ, ರಕ್ತ ಹರಿಯುತ್ತದೆ. ಉಸಿರು ಸಿಕ್ಕಿದ ಮೇಲೆ ಕಾಗದ ನಿಲ್ಲುತ್ತದೆ, ಬೇರೆ ಕೋಶಗಳು ಬಂದು ಹೊಸ ನಾಳದ ಸುತ್ತ ಒತ್ತಾಗಿ ಕೂತು ಅದನ್ನು ಗಟ್ಟಿ ಮಾಡುತ್ತವೆ. ಹೊಟ್ಟೆಯೊಳಗಿನ ಕೂಸಿಗೂ ಹೀಗೆಯೇ, ಮಾಯುವ ಗಾಯಕ್ಕೂ ಹೀಗೆಯೇ. ಗಂಟೆ ಹೊಡೆಯಲು ಎರಡು ನಿಮಿಷವಿದೆ ಎನ್ನುವಾಗ ಅವನು ತಿರುಗಿ ನಿಂತು ಕೇಳುತ್ತಿದ್ದ: ಕಾಗದ ನಿಲ್ಲದೇ ಹೋದರೆ? ಸಕ್ಕರೆ ಕಾಯಿಲೆಯವರ ಕಣ್ಣಿನಲ್ಲಿ ಸಣ್ಣ ನಾಳಗಳು ಮುಚ್ಚಿಹೋಗಿ, ಹಸಿದ ರೆಟಿನಾ ದಿನವೂ ಬರೆಯುತ್ತದೆ. ಹೊಸ ನಾಳಗಳು ಬರುತ್ತವೆ, ಬರಬಾರದ ಕಡೆಗೆ, ಕಣ್ಣಿನ ನಡುವಿನ ತಿಳಿ ಲೋಳೆಗೆ. ಗಟ್ಟಿ ಮಾಡುವವರಿಲ್ಲದ ನಾಳಗಳು, ಸೀನಿದರೂ ಒಡೆಯುತ್ತವೆ. ಉಳಿಸಲೆಂದು ಬಂದದ್ದೇ ಕಣ್ಣು ಕಳೆಯುತ್ತದೆ ಎಂದು ಹೇಳಿ ಡಸ್ಟರ್ ಕೆಳಗಿಡುತ್ತಿದ್ದ. ಸಕ್ಕರೆ ಇರುವವರು ವರ್ಷಕ್ಕೊಂದು ಸಲ ಕಣ್ಣು ತೋರಿಸಬೇಕು, ನಿಮ್ಮ ತಂದೆತಾಯಿಗೆ ಹೇಳಿ ಎಂದೂ ಸೇರಿಸುತ್ತಿದ್ದ. ಎಂಟು ವರ್ಷದಿಂದ ಸಕ್ಕರೆಯ ಮಾತ್ರೆ ನುಂಗುತ್ತಿದ್ದ ಅವನು ಒಂದು ಸಲವೂ ತೋರಿಸಿರಲಿಲ್ಲ.

ಪಾಠದ ಮರುದಿನ ಲ್ಯಾಬಿನಲ್ಲಿ, ಮೂರು ದಿನ ಕಾವು ಕೊಟ್ಟ ಕೋಳಿಮೊಟ್ಟೆ ಒಡೆದು ತೋರಿಸುವುದಿತ್ತು. ಹಳದಿಯ ಮೇಲೆ ಕೂದಲಿಗಿಂತ ಸಣ್ಣ ಕೆಂಪು ಎಳೆಗಳು ಹಬ್ಬಿ ನಡುವೆ ಒಂದು ಚುಕ್ಕೆ ಮಿಡಿಯುವುದನ್ನು ಹುಡುಗಿಯರು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಒಡೆಯುವ ಕೆಲಸ ಅಟೆಂಡರ್ ರಾಚಯ್ಯನದು. ಬಸವಪ್ರಸಾದ್ ದೂರದಿಂದ ಕಡ್ಡಿಯಲ್ಲಿ ತೋರಿಸುವವನೇ ಹೊರತು ಮುಟ್ಟಿದವನಲ್ಲ. ಮುಟ್ಟದಿದ್ದರೂ ಆ ಸಂಜೆ ಮನೆಯ ಹಿತ್ತಿಲಲ್ಲಿ ನಿಂತು, ಶಾಂತಮಲ್ಲಮ್ಮ ತಲೆಯ ಮೇಲೆ ಎರಡು ಕೊಡ ನೀರು ಹುಯ್ದ ಮೇಲೆಯೇ ಒಳಗೆ ಬರುತ್ತಿದ್ದ. ಯಾಕೆಂದು ಅವಳು ಕೇಳಿದವಳಲ್ಲ. ಎದೆಯ ಮೇಲಿನ ಲಿಂಗಕ್ಕೆ ಮೈಲಿಗೆಯಾಗಬಾರದು ಎಂಬುದು ಅವಳಿಗೂ ಗೊತ್ತಿತ್ತು. ಶುದ್ಧ ಎಂಬುದನ್ನು ಅವನು ಯಾವಾಗಲೂ ಬೇರೆಯವರ ಕೈಯಲ್ಲೇ ಮಾಡಿಸಿಕೊಂಡ. ಒಂದು ಕೈ ರಾಚಯ್ಯನದು, ಇನ್ನೊಂದು ಇವಳದು.

ಹೋದ ಆಯುಧಪೂಜೆಯ ದಿನ ಬೆಳಿಗ್ಗೆ, ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟು, ನೀರೆರೆದು, ವಿಭೂತಿ ಧರಿಸಿ, ಹಾಲಿನ ಬಟ್ಟಲಿಗೆ ಕೈ ಹಾಕಿದಾಗ ಹಾಲಿನ ಮೇಲೆ ಒಂದು ಕೂದಲಿತ್ತು. ಉದ್ದನೆಯದು, ತುದಿಯಲ್ಲಿ ಸುರುಳಿ. ಬೆರಳಿನಿಂದ ತೆಗೆಯಹೋದರೆ ಜಾರಿತು. ಹಬ್ಬದ ದಿನ ಮನಸ್ಸು ಕೆಡಿಸಿಕೊಳ್ಳಬಾರದೆಂದು ಹಾಲನ್ನು ತುಳಸಿಯ ಬುಡಕ್ಕೆ ಚೆಲ್ಲಿ ಬಂದು, "ತಲೆ ಕಟ್ಟಿಕೊಂಡು ಪೂಜೆಗೆ ಇಡು" ಎಂದಷ್ಟೇ ಹೇಳಿದ. ಎರಡು ದಿನ ಬಿಟ್ಟು ಮತ್ತೆ ಇತ್ತು. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡಳು. ಮತ್ತೆ ಇತ್ತು. ಬಿಳಿಯ ಪಂಚೆಯ ತುಂಡೊಂದನ್ನು ಒಗೆದು ಒಣಗಿಸಿ, ಹಾಲನ್ನು ಅದರಲ್ಲಿ ಎರಡೆರಡು ಸಲ ಸೋಸಿ ಇಟ್ಟಳು. "ನಂಗೊಂದೂ ಕಾಣದಲ್ಲ, ಈ ಬೆಳಕಲ್ಲಿ ಹಿಡ್ದು ನೋಡಿ" ಎಂದು ಬಾಗಿಲಿಗೆ ತಂದು ತೋರಿಸಿದಳು. ಬಾಗಿಲ ಬೆಳಕಿನಲ್ಲಿ ಅದು ಇನ್ನೂ ಚೆನ್ನಾಗಿ ಕಂಡಿತು. ದೀಪಾವಳಿಗೆ ಚಂದಕವಾಡಿಯಿಂದ ಅವನ ಅಕ್ಕ, ಅವಳ ಸೊಸೆ ಬಂದಿದ್ದರು. ಅವರೆಲ್ಲರ ಮುಂದೆ ಅವನು ಬಟ್ಟಲನ್ನು ನೆಲಕ್ಕೆ ಕುಕ್ಕಿ, "ಮೂವತ್ತು ವರ್ಷ ಆಯ್ತು, ಒಂದು ಬಟ್ಟಲು ಹಾಲು ಶುದ್ಧವಾಗಿ ಇಡೋ ಯೋಗ್ಯತೆ ಬರಲಿಲ್ಲ ನಿಂಗೆ" ಎಂದ. ಹಾಲು ಅವಳ ಕಾಲಿನ ಮೇಲೆ ಸಿಡಿಯಿತು. ಅಕ್ಕ ತನ್ನ ಸೊಸೆಯ ಕಡೆ ನೋಡಿ ತುಟಿ ಕಚ್ಚಿದಳು, ನಗು ತಡೆಯಲೋ ಮರುಕಕ್ಕೋ ಗೊತ್ತಾಗಲಿಲ್ಲ. ಶಾಂತಮಲ್ಲಮ್ಮ ಬಗ್ಗಿ ನೆಲ ಒರೆಸಿದಳು.

ಕಾರ್ತೀಕದ ಎರಡನೇ ಸೋಮವಾರ ಕಾಲೇಜಿನಿಂದ ಬಂದರೆ ಬೀಗ ಹಾಕಿತ್ತು. ಪಕ್ಕದ ಮನೆ ಮಂಚಮ್ಮನ ಜೊತೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದಾಳೆಂದು ಬೀದಿಯವರು ಹೇಳಿದರು. ಮಾರನೆಯ ದಿನ ಮಧ್ಯಾಹ್ನ ಬಂದಳು. ಸೆರಗು ಸರಿಸಿ ತಲೆ ತೋರಿಸಿದಳು: ನುಣ್ಣಗೆ, ಗಂಧ ಬಳಿದುಕೊಂಡು. ಸೊಂಟದ ಕೆಳಗಿನವರೆಗೆ ಇದ್ದ ಜಡೆಯನ್ನು ಮಾದಪ್ಪನಿಗೆ ಕೊಟ್ಟು ಬಂದಿದ್ದಳು. "ಇನ್ನೆಲ್ಲಿಂದ ಉದುರದು ಕೂದ್ಲು? ಇನ್ ನಿಮ್ ಪೂಜೆಗೆ ಏನೂ ಆಗಕಿಲ್ಲ" ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಅವನಿಗೆ ಒಳಗೊಳಗೇ ಒಂದಿಷ್ಟು ಸಮಾಧಾನವೇ ಆಯಿತು. ಮರುದಿನ ಬೆಳಿಗ್ಗೆ ಅವಳು ಹಾಲನ್ನು ಸೋಸಿ ಇಟ್ಟು ಬಾಗಿಲಲ್ಲಿ ನಿಂತಳು. ಅವನು ಬಟ್ಟಲು ನೋಡಿದ. ಕೂದಲಿತ್ತು. ಒಂದಲ್ಲ, ಮೂರು. ತಲೆ ಎತ್ತಿದ. ಕೂದಲು ಹಾಲಿನಿಂದ ಎದ್ದು ಬಂದು ಸುಣ್ಣದ ಗೋಡೆಯ ಮೇಲೆ ಕೂತಿತು. ಕಣ್ಣು ಹೊರಳಿಸಿದರೆ ಅದೂ ಹೊರಳಿತು. ಬಾಗಿಲಲ್ಲಿ ನಿಂತಿದ್ದ ಅವಳ ಮೇಲೆ ದೃಷ್ಟಿ ಬಿದ್ದಾಗ, ಗಂಧ ಬಳಿದ ಆ ಬೋಳು ತಲೆಯ ಮೇಲೆ, ಕಪ್ಪಗೆ, ತೆಳ್ಳಗೆ, ಕೂದಲು ತೇಲಿತು.

ಅವನಿಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು. ಯಾವ ಪದರದ ಮೇಲೆ ಯಾವ ನಾಳ ಒಡೆದಿದೆ, ಎಷ್ಟು ರಕ್ತ ಸೋರಿದೆ, ಆ ರಕ್ತದ ಎಳೆಯ ನೆರಳು ಎಲ್ಲಿ ಬೀಳುತ್ತಿದೆ, ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸಬಲ್ಲವನಾಗಿದ್ದ. "ಅದೆಯಾ?" ಎಂದು ಅವಳು ಕೇಳಿದಳು. "ಇವತ್ತಿಲ್ಲ" ಎಂದ. ಅವಳು ಬೆಟ್ಟದ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ, ಬೋಳು ತಲೆಯ ಮೇಲೆ ಎರಡೂ ಕೈ ಜೋಡಿಸಿದಳು. ಅದನ್ನು ನೋಡಿದ ಮೇಲೆ ಹೇಳುವುದು ಹೇಗೆ? ನಿನ್ನ ಕೂದಲಲ್ಲ, ನನ್ನ ಕಣ್ಣು ಎಂದರೆ ಅವಳು ಆ ಜಡೆಯನ್ನು ಯಾತಕ್ಕೆ ಕೊಟ್ಟು ಬಂದ ಹಾಗಾಯಿತು? ಅವಳ ನಂಬಿಕೆ ಕೆಡಿಸಬಾರದೆಂದು ಸುಮ್ಮನಿದ್ದೇನೆ ಎಂದು ಒಂದು ವಾರ ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಅಕ್ಕನ ಸೊಸೆಯ ಮುಂದೆ ಕುಕ್ಕಿದ ಬಟ್ಟಲನ್ನು ಮತ್ತೆ ಎತ್ತಿಡಬೇಕಾಗುತ್ತದಲ್ಲ ಎಂಬ ಹೇಡಿತನ, ಅಷ್ಟೇ. ಕಣ್ಣಾಸ್ಪತ್ರೆಗೆ ಹೋದರೆ ವಿಷಯ ಮನೆಗೆ ಬರುತ್ತದೆ, ಆದ್ದರಿಂದ ಹೋಗಲಿಲ್ಲ. ದಿನವೂ ಅವಳು ಬಾಗಿಲಲ್ಲಿ ನಿಂತಳು, ದಿನವೂ ಅವನು ಇವತ್ತಿಲ್ಲ ಎಂದ, ಕೂದಲುಗಳ ಸಮೇತ ಹಾಲನ್ನು ಎರೆದು ಆ ತೀರ್ಥ ಕುಡಿದ. ಒಳಗೆ ಹಸಿದದ್ದು ದಿನವೂ ಕಾಗದ ಬರೆಯುತ್ತಲೇ ಇತ್ತು. ಅವಳ ತಲೆಯ ಮೇಲೆ ಕೂದಲು ಚಿಗುರಿ ಒಂದು ಬೆರಳಗಲವಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮೂತ್ರಪಿಂಡದ ನೆಫ್ರಾನಿನ ಚಿತ್ರ ಬರೆಯುತ್ತಿದ್ದವನ ಬಲಗಣ್ಣಿನಲ್ಲಿ ಹೊಗೆ ಎದ್ದಂತಾಗಿ, ಹಲಗೆ, ಹುಡುಗರು, ಕಿಟಕಿ ಎಲ್ಲ ಮುಳುಗಿಹೋಯಿತು.

ಇವತ್ತು ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡು, ಸ್ಕ್ಯಾನ್ ಮುಗಿಸಿ, ಅವನು ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ. "ಒಳಗೆ ಜಾಸ್ತಿ ಜನ ಬಿಡಲ್ಲ, ಇಲ್ಲೇ ಇರು" ಎಂದು ಹೇಳಿ ಒಬ್ಬನೇ ಒಳಗೆ ಹೋದ. ಬೃಂದಾ ಎದ್ದು ನಿಂತಳು. ಈಗಲೂ ಎದ್ದು ನಿಲ್ಲುತ್ತಾಳೆ. ಅವನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಮೇಲೆ ನೋಡಿ, ಕೆಳಗೆ ನೋಡಿ ಎಂದಳು. ಅವಳು ಹೇಳಿದ ಹಾಗೆ ಅವನು ಮಾಡಿದ.

"ಸಾರ್, ಎಡಗಣ್ಣಲ್ಲೂ ಹೊಸ ನಾಳ ಬಂದಿದ್ವಲ್ಲ. ಹೋದ ತಿಂಗಳ ಇಂಜೆಕ್ಷನ್‌ಗೆ ಮುದುಡಿವೆ, ಹೋಗಿಲ್ಲ. ನೀವು ಕಾಗದ ಅಂತಿದ್ರಲ್ಲ ಸಾರ್, ಈ ಔಷಧಿ ಅದನ್ನ ದಾರೀಲೇ ಹಿಡ್ಕೊಳ್ಳುತ್ತೆ. ನಾಲ್ಕು ವಾರ. ಆಮೇಲೆ ಮತ್ತೆ ಬರೆಯುತ್ತೆ."

"ಬಲಗಣ್ಣು?"

"ನಾಳಗಳ ಜೊತೆ ಬೆಳೆದ ಪೊರೆ ಸುಕ್ಕಾಗಿ ರೆಟಿನಾನೇ ಎಳ್ಕೊಂಡು ಕಿತ್ತಿದೆ. ಮೈಸೂರಿಗೆ ಬರೆದುಕೊಡ್ತೀನಿ, ಆಪರೇಷನ್ ಮಾಡ್ತಾರೆ. ನೋಟ ಬರುತ್ತೆ ಅಂತ ನಾನು ಹೇಳಲ್ಲ ಸಾರ್. ಮೊದಲನೇ ಎಳೆ ಕಂಡಾಗಲೇ ಬಂದಿದ್ರೆ ಉಳಿಯೋದು."

ಆಮೇಲೆ ಅವಳು ಬಾಗಿಲ ಕಡೆ ತಿರುಗಿ, ಇವತ್ತಿನ ಇಂಜೆಕ್ಷನ್ನಿನ ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ಬೇಕೆಂದು ನರ್ಸಿಗೆ ಹೇಳಿದಳು. ಬೇಡ, ನಾನೇ ಹಾಕುತ್ತೇನೆ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಬುತ್ತಿಯ ಬ್ಯಾಗಿನ ಸದ್ದು ಅವನ ಬಲಕ್ಕೆ ಬಂದು ಕೂತಿತು. ಶಾಂತಮಲ್ಲಮ್ಮ ಪೆನ್ನು ಹಿಡಿದು ನಿಧಾನವಾಗಿ ಅಕ್ಷರ ಜೋಡಿಸತೊಡಗಿದಳು. ಬೃಂದಾ ಮತ್ತೆ ಅವನ ಕಡೆ ತಿರುಗಿದಳು.

"ಸಾರ್, ಹೋದ ಸಲ ಒಂದು ವಾರ ಅಂದ್ರಿ. ಈ ಪೊರೆ ಒಂದು ವಾರದ್ದಲ್ಲ. ಬಲಗಣ್ಣು ಎಷ್ಟು ದಿನದಲ್ಲಿ ಹೀಗಾಯ್ತು ಅಂತ ಗೊತ್ತಾದ್ರೆ ಎಡಗಣ್ಣಿಗೆ ಎಷ್ಟು ದಿನ ಇದೆ ಅಂತ ಅಂದಾಜು ಮಾಡಬಹುದು. ಅದಕ್ಕೆ ಕೇಳ್ತಿದೀನಿ. ಮೊದಲು ಕಂಡಿದ್ದು ಯಾವಾಗ?"

ಉಳಿದಿರುವ ಒಂದು ಕಣ್ಣಿನ ಮಾತು. ನಿಜ ಹೇಳಿದರೆ ಅದು ಉಳಿಯಬಹುದು. ಆಯುಧಪೂಜೆ ಎಂಬ ಪದ ನಾಲಿಗೆಯವರೆಗೆ ಬಂತು. "ಸಂಕ್ರಾಂತಿ ಹಿಂದೆಮುಂದೆ" ಎಂದ. ತನ್ನ ದನಿ ಉತ್ತರ ಬಾರದ ಹುಡುಗನ ದನಿಯ ಹಾಗೆ ಅವನಿಗೇ ಕೇಳಿಸಿತು.

ಪೆನ್ನು ನಿಲ್ಲಿಸದೆಯೇ ಶಾಂತಮಲ್ಲಮ್ಮ ಕೇಳಿದಳು. "ಮೊದ್ಮೊದ್ಲು ಎಂಗ್ ಕಾಣ್ತದವ್ವ ಅದು?"

"ಕೂದಲೆಳೆ ಥರ ಅಮ್ಮ. ಕರೀ ಕೂದಲು ತೇಲಿದ ಹಾಗೆ. ಬಿಳೀದರ ಮೇಲೆ ಚೆನ್ನಾಗಿ ಕಾಣುತ್ತೆ. ಗೋಡೆ, ಅನ್ನ, ಹಾಲು." ಬೃಂದಾ ಸಣ್ಣಗೆ ನಕ್ಕಳು. "ಎಷ್ಟೋ ಜನ ತಟ್ಟೇಲಿ ಕೂದಲು ಅಂತ ಮನೆಯವರ ಮೇಲೆ ರೇಗಾಡಿ, ಆಮೇಲೆ ಇಲ್ಲಿಗೆ ಬರ್ತಾರೆ."

ಪೆನ್ನಿನ ಸದ್ದು ನಿಂತಿತು. ಬಲಗಡೆಯ ಆ ಕಂದು ಬೆಳಕಿನೊಳಗೆ ಏನಾಗುತ್ತಿದೆಯೆಂದು ಅವನಿಗೆ ಕಾಣುತ್ತಿರಲಿಲ್ಲ. ಕತ್ತು ಹೊರಳಿಸಿದರೆ ಎಡಗಣ್ಣಿಗೆ ಕಾಣುತ್ತಿತ್ತು. ಹೊರಳಿಸಲಿಲ್ಲ. ಪೆನ್ನು ಮತ್ತೆ ಕಾಗದದ ಮೇಲೆ ಹರಿದು, ಹೆಸರಿನಲ್ಲಿ ಉಳಿದಿದ್ದ ಅಕ್ಷರಗಳನ್ನು ಮುಗಿಸಿತು.

"ಆಯುಧಪೂಜೆ ದಿನ ಬೆಳಗ್ಗೆ ಕಣವ್ವ. ಬರ್ಕೊ."

"ಏನಮ್ಮ?"

"ಮೊದ್ಲು ಕಂಡಿದ್ದು. ಆಯುಧಪೂಜೆ ದಿನ. ಆಮೇಲೆ ಎಲ್ಡು ದಿನ ಬುಟ್ಟು. ಆಮೇಲೆ ದಿನಾಲೂ."

ಬೃಂದಾ ಬರೆದುಕೊಂಡಳು. "ಮಧ್ಯದಲ್ಲಿ ನಿಂತಿತ್ತಾ ಅಮ್ಮ?"

"ಕಾರ್ತೀಕ ಸ್ವಾಮಾರ ಆದ್ಮೇಲೆ ನಿಂತದೆ ಅಂದಿದ್ರು" ಎಂದಳು ಶಾಂತಮಲ್ಲಮ್ಮ. "ನಾ ನಂಬಿದ್ದೆ."

ಬೃಂದಾ ತಲೆ ಎತ್ತಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಎಡಗಣ್ಣಿಗೆ ಲೇಸರನ್ನು ಮುಂದಿನ ವಾರವೇ ಶುರು ಮಾಡೋಣ ಎಂದು ಕಾಗದ ನೋಡಿಕೊಂಡು ಹೇಳಿದಳು. ತನ್ನ ಮೇಷ್ಟ್ರನ್ನು ನೋಡಲು ಅವಳಿಗೆ ನಾಚಿಕೆಯಾಗುತ್ತಿದೆ ಎಂದು ಬಸವಪ್ರಸಾದನಿಗೆ ಅನಿಸಿತು.

ಎಡಗಣ್ಣು ತೆರೆದೇ ಇರುವ ಹಾಗೆ ರೆಪ್ಪೆಗೆ ಕಂಬಿ ಸಿಕ್ಕಿಸಿದರು. ಸೂಜಿ ಪಕ್ಕದಿಂದ ಬಂತು, ನೋವಿಗಿಂತ ಒತ್ತಡ ಹೆಚ್ಚು. ಔಷಧಿ ಕಣ್ಣಿನೊಳಗೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದು ಅವನಿಗೇ ಕಂಡಿತು. ಹತ್ತಿ ಇಟ್ಟು ಪಟ್ಟಿ ಅಂಟಿಸಿ, ನಾಳೆ ಬೆಳಿಗ್ಗೆ ತೆಗೆಯಿರಿ ಎಂದರು. ಈಗ ಎರಡೂ ಇಲ್ಲ. ಕಾರಿಡಾರಿನಲ್ಲಿ ನಿಂತು ಅವನು ಕೈ ಚಾಚಿದ. ಬೆಳಿಗ್ಗೆ ಲಾರಿಗಳ ನಡುವೆ ತೋಳು ಹಿಡಿದಿದ್ದ ಕೈಯನ್ನು ಹುಡುಕಿದ. ಅವನ ಬೆರಳಿಗೆ ಸಿಕ್ಕಿದ್ದು ಬುತ್ತಿಯ ಬ್ಯಾಗಿನ ಹಿಡಿ. "ಇದ ಇಡ್ಕಂಡು ಬನ್ನಿ" ಎಂದಿತು ಅವಳ ದನಿ. ಅವನು ಒಂದು ಹಿಡಿ, ಅವಳು ಇನ್ನೊಂದು ಹಿಡಿ. ಮೆಟ್ಟಿಲು ಬಂದಾಗ ಅವಳು ನಿಂತಳು, ಬ್ಯಾಗು ಸಡಿಲವಾಯಿತು, ಅವನಿಗೆ ಅರ್ಥವಾಯಿತು. ಹೀಗೇ ಬಸ್ ಹತ್ತಿದರು. ರೊಟ್ಟಿ ಬಿಚ್ಚಲಿಲ್ಲ.

ಬಸ್ಸಿನಲ್ಲಿ ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗಿಬರುತ್ತೇನೆ ಎಂದ ಹೆಂಗಸೊಬ್ಬಳು ಹಿಂದಿನ ಸೀಟಿನಿಂದ ಮಾತು ತೆಗೆದಳು. "ಮಾದಪ್ಪನ್ಗೆ ಮುಡಿ ಕೊಟ್ಟಿದ್ರಾ ಅಕ್ಕ? ಯಾವಾಗ್ಲೂ ಸೆರಗು ಒದ್ಕಂಡಿರ್ಬೇಡಿ, ಗಾಳಿಯಾಡ್ದೆ ಕೂದ್ಲು ಚೆನ್ನಾಗ್ ಬರಕಿಲ್ಲ." ಅಂದರೆ ಸೆರಗು ಜಾರಿದೆ, ಇಲ್ಲವೇ ಅವಳೇ ತೆಗೆದಿದ್ದಾಳೆ. "ಏನ್ ಅರಕೆ ಇತ್ತಕ್ಕ?"

ಪಟ್ಟಿಯ ಹಿಂದಿನ ಕತ್ತಲೆಯಲ್ಲಿ ಅವನು ಕಾದ. ಗಂಡನ ಸುಳ್ಳಿಗೆ ಎಂದರೂ ಸರಿ, ಇವನ ಕಣ್ಣಿಗೆ ಮಣ್ಣು ಬೀಳ ಎಂದು ಶಾಪ ಹಾಕಿದರೂ ಸರಿ, ಏನಾದರೂ ಹೇಳಲಿ ಎಂದು ಬೇಡಿಕೊಂಡ.

"ಏನೂ ಇಲ್ಲ ಬುಡವ್ವ" ಎಂದಳು. "ಸುಮ್ನೆ ಕೊಟ್ಟೆ."

ಮರುದಿನ ಬೆಳಿಗ್ಗೆ ಪಟ್ಟಿ ಕಿತ್ತಾಗ ಎಡಗಣ್ಣು ಉರಿಯಿತು, ಆದರೆ ಕಂಡಿತು. ತಲೆಸ್ನಾನ ಮಾಡಬಾರದೆಂದು ಹೇಳಿದ್ದರಿಂದ ಕತ್ತಿನ ಕೆಳಗಷ್ಟೇ ನೀರು ಹಾಕಿಕೊಂಡು ಮಣೆಯ ಮೇಲೆ ಕೂತ. ಎಲ್ಲ ಎಂದಿನಂತೆ ಇಟ್ಟಿತ್ತು: ವಿಭೂತಿ, ಬಿಲ್ವಪತ್ರೆ, ನೀರಿನ ತಂಬಿಗೆ, ಹಾಲಿನ ಬಟ್ಟಲು. ಬಾಗಿಲಲ್ಲಿ ಮಾತ್ರ ಯಾರೂ ನಿಂತಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಬಾಗಿಲು ಬರೀ ಬಾಗಿಲಾಗಿತ್ತು. ಅಡುಗೆಮನೆಯಲ್ಲಿ ಅವಳು ಕಾಯಿ ತುರಿಯುವ ಸದ್ದು ಬರುತ್ತಿತ್ತು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅವನು ಬಟ್ಟಲನ್ನು ನೋಡಿದ. ಉಳಿದ ಆ ಒಂದೇ ಕಣ್ಣಿನಲ್ಲಿ, ಬಿಳಿಯ ಹಾಲಿನ ಮೇಲೆ, ಒಂದು ಎಳೆ ಇತ್ತು. ಔಷಧಿಯದೋ ರಕ್ತದ್ದೋ ಹೇಳಬರುತ್ತಿರಲಿಲ್ಲ.

"ಶಾಂತಾ" ಎಂದು ಕರೆದ. "ಕೂದಲಿದೆ ಕಣೆ. ಇವತ್ತೂ ಇದೆ. ಒಂದು ದಿನವೂ ನಿಂದಾಗಿರಲಿಲ್ಲ."

ತುರಿಯುವ ಸದ್ದು ನಿಂತಿತು. ಅವಳು ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಎರಡು ಬೆರಳಗಲ ಬೆಳೆದ ಕೂದಲು ನೆಟ್ಟಗೆ ನಿಂತಿತ್ತು, ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಹೋಗುವಾಗ ಕಪ್ಪಗಿದ್ದದ್ದು ಬರುವಾಗ ಬೆಳ್ಳಗೆ ಬಂದಿರುವುದನ್ನು ಅವನು ಇಷ್ಟು ದಿನ ನೋಡಿಯೇ ಇರಲಿಲ್ಲ. ಏನೋ ಹೇಳುತ್ತಾಳೆಂದು ಮುಖವೆತ್ತಿದ. ಅವಳು ಬಗ್ಗಿ, ಒಗೆದು ಒಣಗಿಸಿ ನಾಲ್ಕು ಮಡಿಕೆ ಮಾಡಿದ್ದ ಆ ಪಂಚೆಯ ತುಂಡನ್ನು ಅವನ ಮೊಣಕಾಲ ಹತ್ತಿರ ಇಟ್ಟಳು.

"ಇನ್ಮೇಲೆ ನೀವೇ ಸೋಸ್ಕಳಿ" ಎಂದಳು.

ಒಳಗೆ ಕಾಯಿ ತುರಿಯುವ ಸದ್ದು ಮತ್ತೆ ಶುರುವಾಯಿತು.